ಗಣಕಯಂತ್ರಕ್ಕೂ ಬೇಕು ಸಕಾಲದ ಆರೈಕೆ

ಸಹಕಾರ ಸಂಘಗಳಲ್ಲಿ ಕೆಂಪು ರಟ್ಟಿನ ಖಾತಾ ಪುಸ್ತಕಗಳ ಕಾಲ ಮುಗಿಯುತ್ತ ಬಂದಿದೆ. ನಮ್ಮ ಪಹಣಿಗಳು ‘ಭೂಮಿ’ ಯೋಜನೆಯ ಮೂಲಕ ಈ ಶತಮಾನದ ಆರಂಭದಲ್ಲಿಯೇ ಗಣಕಯಂತ್ರವನ್ನು ಸೇರಿದವು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಸರದಿ ಅನಂತರ ಬಂತು. ದೇಶದ 63,000 ಸಂಘಗಳನ್ನು ಗಣಕೀಕರಣಗೊಳಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2022ರ ಜೂನ್ 29ರಂದು ಒಪ್ಪಿಗೆ ನೀಡಿತು. ಇಂದು ಸತ್ತೇಗಾಲದ ಬಯಲಿನಲ್ಲಿ ಅಡಿಕೆ ಇಟ್ಟವರಾಗಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಒಂದೆರಡು ಎಕರೆ ಕಾಫಿ ಮಾಡಿಕೊಂಡಿರುವ ಸೋಲಿಗ ಕುಟುಂಬದವರಾಗಲಿ, ಬೆಳೆಸಾಲ, ಠೇವಣಿ, ಮಾಲಿನ ಹಣ, ಸಹಾಯಧನ ಇವೆಲ್ಲಕ್ಕೂ ಎಲ್ಲೋ ಒಂದು ಕಡೆ ಇರುವ ಗಣಕಯಂತ್ರವನ್ನೇ ನಂಬಿರಬೇಕಾಗಿದೆ.

ಯಂತ್ರ ತರುವುದು ಒಂದು ದಿನದ ಕೆಲಸ. ಅದನ್ನು ಸುಸ್ಥಿತಿಯಲ್ಲಿಡುವುದು ದಿನದಿನದ ಕೆಲಸ. ನಮ್ಮ ಸತ್ತೇಗಾಲದ ಪಕ್ಕದಲ್ಲಿಯೇ ಇದಕ್ಕೆ ಸಾಕ್ಷಿ ಇದೆ. ಶಿವನಸಮುದ್ರದ ವಿದ್ಯುದಾಗಾರವು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸತೊಡಗಿತು. ನೂರಿಪ್ಪತ್ತು ವರ್ಷಗಳನ್ನು ದಾಟಿ ಒಂದು ವಿದ್ಯುದಾಗಾರ ಉಳಿದಿದೆಯೆಂದರೆ ಅದರ ಹಿಂದೆ ಎಣ್ಣೆ ಹಾಕಿದ, ಸವೆದ ಭಾಗ ಬದಲಾಯಿಸಿದ, ಸೋರಿಕೆ ಮುಚ್ಚಿದ ಎಷ್ಟೋ ತಲೆಮಾರಿನ ಕೈಗಳಿವೆ. ಗಣಕಯಂತ್ರಕ್ಕೂ ಇಂಥ ಆರೈಕೆ ಇದೆ. ಅದನ್ನು ‘ನವೀಕರಣ’ ಎನ್ನುತ್ತಾರೆ. ಬಾಯಿಮಾತಿನಲ್ಲಿ ‘ಅಪ್‌ಡೇಟ್ ಮಾಡುವುದು’. ಇದರ ವಿಷಯದಲ್ಲಿ ನಮ್ಮ ಸದಸ್ಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ಚೆನ್ನಾಗಿ ಓಡ್ತಾ ಇರೋ ಯಂತ್ರಾನ ಸುಮ್ನೆ ಯಾಕ್ ಸ್ವಾಮಿ ಕೆಣಕ್ಬೇಕು?” ಈ ಪ್ರಶ್ನೆಯಲ್ಲಿ ತೂಕವಿದೆ. ಅದಕ್ಕೆ ತೂಕದ ಉತ್ತರವನ್ನೇ ಕೊಡಬೇಕು.

ಯಾವುದು ಈ ಲಿನಕ್ಸ್?

ಗಣಕಯಂತ್ರದ ಪೆಟ್ಟಿಗೆ, ಪರದೆ, ಕೀಲಿಮಣೆ ಇವು ಅದರ ದೇಹ. ಇವನ್ನು ದುಡಿಸುವ ಮೂಲ ತಂತ್ರಾಂಶಕ್ಕೆ ‘ಆಪರೇಟಿಂಗ್ ಸಿಸ್ಟಂ’ ಎಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಎಂಬವರು 1969ರಲ್ಲಿ ಆರಂಭಿಸಿದ ‘ಯೂನಿಕ್ಸ್’ ಇಂಥದೊಂದು ವ್ಯವಸ್ಥೆ. ಅದೇ ಮಾದರಿಯಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು ‘ಲಿನಕ್ಸ್’. ಅದಕ್ಕೆ ಬೆಲೆ ಇಲ್ಲ. ಯಾರು ಬೇಕಾದರೂ ಪಡೆಯಬಹುದು, ತಿದ್ದಬಹುದು, ಹಂಚಬಹುದು. ಇದೂ ಒಂದು ಬಗೆಯ ಸಹಕಾರ ತತ್ತ್ವವೇ.

ಈ ಲಿನಕ್ಸ್ ತಿರುಳಿಗೆ ಉಳಿದ ತಂತ್ರಾಂಶಗಳನ್ನು ಸೇರಿಸಿ, ಒಟ್ಟಾಗಿ ಕಟ್ಟಿ ಕೊಡುವ ಸಂಸ್ಥೆಗಳೂ ಬಳಗಗಳೂ ಇವೆ. ಡೆಬಿಯನ್, ಉಬುಂಟು, ಫೆಡೋರಾ, ರೆಡ್ ಹ್ಯಾಟ್ ಇಂಥ ವಿತರಣೆಗಳು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯು ಭಾರತೀಯ ಭಾಷೆಗಳಿಗೆ ಅನುಕೂಲವಾಗುವಂತೆ ‘ಬಾಸ್’ ಎಂಬ ಲಿನಕ್ಸ್ ವಿತರಣೆಯನ್ನು ಹೊರತಂದಿದೆ. ಕೇರಳದ ಸರ್ಕಾರಿ ಶಾಲೆಗಳ ಗಣಕಯಂತ್ರಗಳು ಲಿನಕ್ಸ್ ಮೇಲೆಯೇ ನಡೆಯುತ್ತವೆ. ಬ್ಯಾಂಕು, ರೈಲ್ವೆ, ದೂರವಾಣಿ ಸಂಸ್ಥೆಗಳ ತೆರೆಮರೆಯ ದೊಡ್ಡ ಯಂತ್ರಗಳಲ್ಲಿ ಬಹುಪಾಲು ಇದರವೇ. ಇಷ್ಟೇಕೆ, ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳತಿರುಳೂ ಲಿನಕ್ಸೇ. ಆದುದರಿಂದ ‘ನಮ್ಮ ಸಂಘದಲ್ಲಿ ಲಿನಕ್ಸ್ ಇಲ್ಲ, ಈ ಮಾತು ನಮಗಲ್ಲ’ ಎಂದು ಯಾರೂ ಪುಟ ತಿರುವಬೇಕಾಗಿಲ್ಲ.

ಮನುಷ್ಯರು ಬರೆದ ತಂತ್ರಾಂಶದಲ್ಲಿ ತಪ್ಪುಗಳಿರುತ್ತವೆ. ಕೆಲವು ತಪ್ಪುಗಳು ಬೇಲಿಯ ಸಂದಿನಂತೆ ಕಳ್ಳನಿಗೆ ದಾರಿಯಾಗುತ್ತವೆ. ಸಂದು ಕಂಡೊಡನೆ ಅದನ್ನು ಬರೆದವರು ತೇಪೆಯೊಂದನ್ನು ಸಿದ್ಧಪಡಿಸಿ ಪ್ರಕಟಿಸುತ್ತಾರೆ. ಪ್ರಕಟಣೆಯಾದ ಕ್ಷಣದಿಂದ ಸಂದು ಎಲ್ಲಿದೆ ಎಂಬುದು ನಮಗೂ ತಿಳಿಯುತ್ತದೆ, ಕಳ್ಳನಿಗೂ ತಿಳಿಯುತ್ತದೆ. ತೇಪೆ ಹಾಕದ ಯಂತ್ರ ನಿನ್ನೆ ಓಡಿದಂತೆಯೇ ಇವತ್ತೂ ಓಡುತ್ತದೆ. ಹೊರನೋಟಕ್ಕೆ ಏನೂ ಬದಲಾಗಿರುವುದಿಲ್ಲ. ಬದಲಾಗಿರುವುದು ಹೊರಗಿನ ಲೋಕ.

ಕಾಫಿ ಬೆಳೆಗಾರರಿಗೆ ಇದು ಹೊಸ ವಿಚಾರವಲ್ಲ. ಎಲೆ ತುಕ್ಕನ್ನು ತಡೆಯುತ್ತದೆಂದು ಎಸ್.795 ತಳಿಯನ್ನು ನೆಟ್ಟೆವು, ‘ಕಾವೇರಿ’ಯನ್ನು ನೆಟ್ಟೆವು. ಗಿಡ ಅದೇ ಗಿಡ; ಆದರೆ ತುಕ್ಕಿನ ಶಿಲೀಂಧ್ರ ಹೊಸ ಹೊಸ ಬಗೆಯಾಗಿ ಹುಟ್ಟಿ ಬಂದು ತಳಿಯ ತಡೆಯನ್ನು ಮುರಿಯಿತು. ಗಣಕಯಂತ್ರದ ರಕ್ಷಣೆಯೂ ಹಾಗೆಯೇ. ಒಮ್ಮೆ ಹಾಕಿ ಮರೆತುಬಿಡುವ ಮದ್ದು ಅಲ್ಲಿಯೂ ಇಲ್ಲ.

ಈ ವಿಚಾರದಲ್ಲಿ 2024ನೆಯ ಇಸವಿ ಒಂದು ಪಾಠಶಾಲೆಯಂತಿತ್ತು. ಆ ಒಂದೇ ವರ್ಷದ ನಾಲ್ಕು ಪ್ರಸಂಗಗಳನ್ನು ಕ್ರಮವಾಗಿ ನೋಡೋಣ.

ಆರು ತಿಂಗಳ ಉದಾಸೀನದ ಬೆಲೆ

ಮೊದಲನೆಯದು ನಮ್ಮ ಮನೆ ಬಾಗಿಲಿಗೇ ಬಂದ ಪ್ರಸಂಗ. ಸಣ್ಣ ಬ್ಯಾಂಕುಗಳಿಗೆ ಸ್ವಂತ ಗಣಕ ಕೇಂದ್ರ ನಡೆಸುವ ಶಕ್ತಿ ಇರುವುದಿಲ್ಲ. ಅವು ಬೇರೆ ಸಂಸ್ಥೆಗಳ ಸೇವೆಯನ್ನು ಪಡೆಯುತ್ತವೆ. ಹೀಗೆ ಸೇವೆ ನೀಡುವ ಸಂಸ್ಥೆಗಳಲ್ಲಿ ಸಿ-ಎಡ್ಜ್ ಟೆಕ್ನಾಲಜೀಸ್ ಒಂದು. 2024ರ ಜುಲೈ ಕೊನೆಯಲ್ಲಿ ಈ ಸಂಸ್ಥೆಯ ಕೆಲವು ಯಂತ್ರಗಳು ‘ರ‍್ಯಾನ್ಸಮ್‌ವೇರ್’ ದಾಳಿಗೆ ತುತ್ತಾದವು. ಲೆಕ್ಕಪತ್ರಗಳಿಗೆ ಹೊರಗಿನಿಂದ ಬೀಗ ಜಡಿದು, ಕೀಲಿಕೈಗೆ ಹಣ ಕೇಳುವ ದರೋಡೆಗೆ ಈ ಹೆಸರು. ಸೋಂಕು ಹರಡದಂತೆ ಮಾಡಲು ರಾಷ್ಟ್ರೀಯ ಪಾವತಿ ನಿಗಮವು ಜುಲೈ 31ರಂದು ಸಿ-ಎಡ್ಜ್‌ನ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿದುಹಾಕಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಹಣ ಕಳುಹಿಸುವ, ಪಡೆಯುವ ಸೇವೆ ನಿಂತುಹೋಯಿತು. ಅವುಗಳಲ್ಲಿ ಸಹಕಾರಿ ಬ್ಯಾಂಕುಗಳೂ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳೂ ಇದ್ದವು. ಮರುದಿನ, ಅಂದರೆ ಆಗಸ್ಟ್ 1ರಂದು, ಪರಿಶೀಲನೆಯ ಬಳಿಕ ಸಂಪರ್ಕವನ್ನು ಮತ್ತೆ ಕೊಡಲಾಯಿತು.

ದೇಶದ ಒಟ್ಟು ಪಾವತಿ ವ್ಯವಹಾರದಲ್ಲಿ ಈ ಬ್ಯಾಂಕುಗಳ ಪಾಲು ಶೇಕಡ ಅರ್ಧದಷ್ಟು ಮಾತ್ರ ಎಂದು ಆಗಿನ ವರದಿಗಳು ಹೇಳಿದವು. ದೆಹಲಿ, ಮುಂಬಯಿಯ ಲೆಕ್ಕದಲ್ಲಿ ಅದು ಅಲ್ಪ. ಆದರೆ ಮಳೆಗಾಲದ ನಡುವೆ ಆಳಿನ ಕೂಲಿ, ಗೊಬ್ಬರ, ಔಷಧಿಗೆಂದು ಹಣ ತೆಗೆಯಲು ಹೋದ ಸಣ್ಣ ಹಿಡುವಳಿದಾರನಿಗೆ ಆ ಅರ್ಧವೇ ಪೂರ್ತಿ. ಅವನಿಗೆ ಇನ್ನೊಂದು ಬ್ಯಾಂಕಿನಲ್ಲಿ ಇನ್ನೊಂದು ಖಾತೆ ಇರುವುದಿಲ್ಲ.

ಕಳ್ಳ ಒಳಗೆ ಬಂದದ್ದು ಹೇಗೆ? ಕ್ಲೌಡ್‌ಸೆಕ್ ಎಂಬ ಸೈಬರ್ ಸುರಕ್ಷತಾ ಸಂಸ್ಥೆಯ ವಿಶ್ಲೇಷಣೆಯ ಪ್ರಕಾರ, ದಾರಿ ಸಿಕ್ಕಿದ್ದು ಸಿ-ಎಡ್ಜ್‌ನೊಡನೆ ಕೆಲಸ ಮಾಡುವ ಇನ್ನೊಂದು ಸಂಸ್ಥೆಯ, ಸರಿಯಾಗಿ ಅಳವಡಿಸದೆ ಬಿಟ್ಟಿದ್ದ ಒಂದು ಯಂತ್ರದಲ್ಲಿ. ಅದರಲ್ಲಿ ‘ಜೆಂಕಿನ್ಸ್’ ಎಂಬ ತಂತ್ರಾಂಶವಿತ್ತು. ಸಾಮಾನ್ಯವಾಗಿ ಲಿನಕ್ಸ್ ಯಂತ್ರಗಳ ಮೇಲೆ ಓಡುವ ತಂತ್ರಾಂಶವಿದು. ಅದರಲ್ಲಿದ್ದ ಒಂದು ಸಂದಿಗೆ ತಯಾರಕರು 2024ರ ಜನವರಿ 24ರಂದೇ ತೇಪೆಯನ್ನು ಪ್ರಕಟಿಸಿದ್ದರು. ದಾಳಿ ನಡೆದದ್ದು ಜುಲೈ ಕೊನೆಯಲ್ಲಿ. ನಡುವೆ ಆರು ತಿಂಗಳು ಕಳೆದಿದ್ದವು. ಔಷಧಿ ಗೋದಾಮಿನಲ್ಲಿತ್ತು, ಉಚಿತವಾಗಿಯೂ ಇತ್ತು, ಹೊಡೆದಿರಲಿಲ್ಲ.

ಅಡಿಕೆಯ ಕೊಳೆರೋಗದ ವಿಷಯ ನೆನಪಿಸಿಕೊಳ್ಳಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್ ಅವರು ಆ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಬಳಕೆಗೆ ತಂದರು. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ಇದನ್ನು ಮುಂಗಾರು ಹಿಡಿಯುವ ಮುನ್ನ ಹೊಡೆಯಬೇಕು, ನಲವತ್ತು ನಲವತ್ತೈದು ದಿನಗಳ ಬಳಿಕ ಮತ್ತೊಮ್ಮೆ. ಕಾಯಿ ಉದುರಲು ಆರಂಭವಾದ ಮೇಲೆ ಓಡಾಡಿದರೆ ಖರ್ಚು ನಮ್ಮದು, ಬೆಳೆ ಕೊಳೆರೋಗದ್ದು. ಈ ಪ್ರಸಂಗದಲ್ಲಿ ನಡೆದದ್ದೂ ಇದೇ. ಜೊತೆಗೆ ಇನ್ನೊಂದು ಮಾತಿದೆ. ಕಾಂಡಕೊರಕ ಹೊಕ್ಕ ಗಿಡವನ್ನು ಒಬ್ಬರು ಕಿತ್ತು ಸುಡದೆ ಬಿಟ್ಟರೆ ನಷ್ಟ ಪಕ್ಕದ ತೋಟಕ್ಕೂ ತಟ್ಟುತ್ತದೆ. ಇಲ್ಲಿಯೂ ಒಬ್ಬರ ಯಂತ್ರದ ಅಲಕ್ಷ್ಯ 300 ಬ್ಯಾಂಕುಗಳಿಗೆ ತಟ್ಟಿತು.

ಅವಸರವೂ ಅಪಾಯವೇ

ಹಾಗಾದರೆ ತೇಪೆ ಬಂದ ಗಳಿಗೆಯಲ್ಲೇ ಎಲ್ಲ ಯಂತ್ರಗಳಿಗೂ ಹಾಕಿಬಿಡಬೇಕೆ? ಎರಡನೆಯ ಪ್ರಸಂಗ ಇದಕ್ಕೆ ಉತ್ತರ ಹೇಳುತ್ತದೆ. ಸಿ-ಎಡ್ಜ್ ದಾಳಿಗೆ ಎರಡು ವಾರವೂ ಮುಂಚೆ ಅಲ್ಲ, 2024ರ ಜುಲೈ 19ರಂದು, ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಸಂಸ್ಥೆಯು ತನ್ನ ಗ್ರಾಹಕರ ಯಂತ್ರಗಳಿಗೆ ಒಂದು ನವೀಕರಣವನ್ನು ಏಕಕಾಲಕ್ಕೆ ಕಳುಹಿಸಿತು. ಅದರಲ್ಲಿ ದೋಷವಿತ್ತು. ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಳಿತವು. ಬೆಂಗಳೂರೂ ಸೇರಿದಂತೆ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಸಾಲುಗಳು ಬೆಳೆದವು. ಹಲವೆಡೆ ಪ್ರಯಾಣಿಕರಿಗೆ ಕೈಬರಹದ ಚೀಟಿ ಕೊಟ್ಟು ಕಳುಹಿಸಬೇಕಾಯಿತು. ಅಂದು ಕೆಟ್ಟವು ವಿಂಡೋಸ್ ಯಂತ್ರಗಳಾದರೂ ಪಾಠ ಲಿನಕ್ಸಿಗೂ ಅಷ್ಟೇ ಸಲ್ಲುತ್ತದೆ.

ಹೊಸ ಔಷಧಿಯನ್ನು ಬುದ್ಧಿವಂತ ಬೆಳೆಗಾರ ಇಡೀ ತೋಟಕ್ಕೆ ಒಮ್ಮೆಲೇ ಹೊಡೆಯುವುದಿಲ್ಲ. ಒಂದು ಸಾಲಿಗೆ ಹೊಡೆದು, ಎಲೆ ಸುಡುವುದೋ ಎಂದು ನಾಲ್ಕು ದಿನ ನೋಡಿ, ಅನಂತರ ಮುಂದಕ್ಕೆ ಹೋಗುತ್ತಾನೆ. ಕ್ರೌಡ್‌ಸ್ಟ್ರೈಕ್ ಸಂಸ್ಥೆಯೂ ಆ ಘಟನೆಯ ನಂತರ, ಇಂಥ ನವೀಕರಣಗಳನ್ನು ಇನ್ನು ಮುಂದೆ ಹಂತಹಂತವಾಗಿ ಕಳುಹಿಸುವುದಾಗಿ ತಿಳಿಸಿತು. ಒಂದೇ ತಿಂಗಳಲ್ಲಿ ಒಬ್ಬರು ಹಾಕದೆ ಕೆಟ್ಟರು, ಇನ್ನೊಬ್ಬರು ನೋಡದೆ ಹಾಕಿ ಕೆಟ್ಟರು. ಈ ಎರಡರ ನಡುವಿನ ದಾರಿಯೇ ನಮ್ಮದಾಗಬೇಕು.

ಹೊಸದೆಲ್ಲವೂ ಒಳ್ಳೆಯದಲ್ಲ

ಮೂರನೆಯ ಪ್ರಸಂಗ ಶುದ್ಧ ಲಿನಕ್ಸಿನದು. ಕಡತಗಳನ್ನು ಕುಗ್ಗಿಸಿಡುವ ‘ಎಕ್ಸ್‌ಝೆಡ್’ ಎಂಬ ಚಿಕ್ಕ ತಂತ್ರಾಂಶವೊಂದಿದೆ. ಬಹುತೇಕ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಅದು ಇರುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರಿಗೆ ನೆರವಾಗುತ್ತೇನೆಂದು ಬಂದ ಅಪರಿಚಿತನೊಬ್ಬ ಎರಡು ವರ್ಷಗಳಿಗೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದ. ಕೊನೆಗೆ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಗುಟ್ಟಾಗಿ ಒಂದು ಕಳ್ಳಬಾಗಿಲನ್ನು ಇಟ್ಟ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು ತಮ್ಮ ಯಂತ್ರಕ್ಕೆ ದೂರದಿಂದ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚಿಗೆ ಹಿಡಿಯುತ್ತಿರುವುದನ್ನು ಗಮನಿಸಿದರು. ಅಷ್ಟಕ್ಕೇ ಬಿಡದೆ ಬೆನ್ನುಹತ್ತಿ, 2024ರ ಮಾರ್ಚ್ 29ರಂದು ಕುತಂತ್ರವನ್ನು ಬಯಲಿಗೆಳೆದರು.

ಆ ಕೆಟ್ಟ ಆವೃತ್ತಿ ಸೇರಿದ್ದು ಪರೀಕ್ಷೆಯ ಹಂತದಲ್ಲಿದ್ದ ವಿತರಣೆಗಳಿಗೆ, ‘ಬಂದದ್ದೆಲ್ಲ ಹೊಸದಾಗಿಯೇ ಬೇಕು’ ಎನ್ನುವವರ ಯಂತ್ರಗಳಿಗೆ. ಡೆಬಿಯನ್‌ನ ‘ಸ್ಟೇಬಲ್’ ಎಂಬ ನೆಲೆಗೊಂಡ ಆವೃತ್ತಿಯನ್ನು ಬಳಸುತ್ತಿದ್ದವರಿಗೆ ಅದು ತಲುಪಿರಲಿಲ್ಲ. ಇಲ್ಲಿ ಒಂದು ಸೂಕ್ಷ್ಮವನ್ನು ಅರಿಯಬೇಕು. ನೆಲೆಗೊಂಡ ಆವೃತ್ತಿಯಲ್ಲಿರುವುದೆಂದರೆ ನವೀಕರಣ ಬೇಡವೆಂದಲ್ಲ. ಅಲ್ಲಿ ಹೊಸ ಹೊಸ ಸೌಕರ್ಯಗಳು ಬರುವುದಿಲ್ಲ, ಆದರೆ ಸಂದು ಮುಚ್ಚುವ ತೇಪೆಗಳು ತಪ್ಪದೆ ಬರುತ್ತವೆ. ಪ್ರಯೋಗದ ತಳಿಯನ್ನು ಸಂಶೋಧನಾ ಕೇಂದ್ರದವರು ಬೆಳೆದು ನೋಡಲಿ. ನಾವು ಬಿಡುಗಡೆಯಾದ ತಳಿಯನ್ನು ನೆಟ್ಟು ಕಾಲಕಾಲಕ್ಕೆ ಆರೈಕೆ ಮಾಡೋಣ. ಲೆಕ್ಕಪತ್ರವಿರುವ ಯಂತ್ರಕ್ಕೆ ಇದೇ ಸರಿಯಾದ ನೀತಿ.

ಆಯುಸ್ಸು ಮುಗಿದ ಆವೃತ್ತಿ

ನಾಲ್ಕನೆಯದು ಸದ್ದಿಲ್ಲದೆ ನಡೆದ ಪ್ರಸಂಗ. ಬಹಳಷ್ಟು ಕಚೇರಿಗಳಲ್ಲಿ ಬಳಕೆಯಲ್ಲಿದ್ದ ‘ಸೆಂಟ್‌ಓಎಸ್ 7’ ಎಂಬ ಲಿನಕ್ಸ್ ಆವೃತ್ತಿಗೆ 2024ರ ಜೂನ್ 30ರಂದು ಆಯುಸ್ಸು ಮುಗಿಯಿತು. ಅಂದರೆ ಅಂದಿನಿಂದ ಅದಕ್ಕೆ ತೇಪೆಗಳು ಬರುವುದು ನಿಂತಿತು. ಯಂತ್ರ ನಿಲ್ಲಲಿಲ್ಲ, ಗಂಟೆ ಹೊಡೆಯಲಿಲ್ಲ. ‘ಅಪ್‌ಡೇಟ್’ ಗುಂಡಿ ಒತ್ತಿದರೂ ಹೊಸ ತೇಪೆ ಬರುವುದಿಲ್ಲ. ಸಿಬ್ಬಂದಿ ಎಲ್ಲ ಸರಿಯಾಗಿದೆ ಎಂದುಕೊಳ್ಳುತ್ತಾರೆ.

ಪ್ರತಿ ಆವೃತ್ತಿಗೂ ಇಂಥ ಕೊನೆಯ ದಿನವಿದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳು ಎರಡು ವರ್ಷಕ್ಕೊಮ್ಮೆ ಏಪ್ರಿಲಿನಲ್ಲಿ ಬರುತ್ತವೆ. ಒಂದೊಂದಕ್ಕೂ ಸಾಮಾನ್ಯ ಬೆಂಬಲ ಐದು ವರ್ಷ. 20.04ಕ್ಕೆ ಅದು 2025ರ ಮೇ ತಿಂಗಳಲ್ಲಿ ಮುಗಿಯಿತು. 22.04ಕ್ಕೆ 2027ರವರೆಗೆ, 24.04ಕ್ಕೆ 2029ರವರೆಗೆ ಇದೆ. ಡೆಬಿಯನ್ 12 ಬಂದದ್ದು 2023ರ ಜೂನ್‌ನಲ್ಲಿ, 13 ಬಂದದ್ದು 2025ರ ಆಗಸ್ಟ್‌ನಲ್ಲಿ. ಲಿನಕ್ಸಿನಾಚೆಗೂ ಇದೇ ನಿಯಮ: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿತು. ಹಳೆಯ ಪೆಟ್ಟಿಗೆಯನ್ನು ಎಸೆಯಲು ಮನಸ್ಸಿಲ್ಲದ ಸಂಘಗಳು ಅದರಲ್ಲಿ ಲಿನಕ್ಸ್ ಹಾಕಿಸುವ ಯೋಚನೆಯನ್ನು ಮಾಡಬಹುದು. ಆದರೆ ತಮ್ಮ ಲೆಕ್ಕದ ತಂತ್ರಾಂಶ ಅದರಲ್ಲಿ ನಡೆಯುತ್ತದೆಯೇ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು.

ಕಚೇರಿಯಲ್ಲಿ ಅನುಸರಿಸಬೇಕಾದ ಕ್ರಮ

ಈ ನಾಲ್ಕು ಪಾಠಗಳನ್ನು ಕೆಲಸಕ್ಕೆ ಇಳಿಸುವುದು ಕಷ್ಟವೇನಲ್ಲ. ಲಿನಕ್ಸ್ ಯಂತ್ರವಿರುವ ಸಂಘಗಳು ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

1. ಮೊದಲು ಪ್ರತಿ, ಆಮೇಲೆ ನವೀಕರಣ. ಲೆಕ್ಕಪತ್ರದ ಪೂರ್ತಿ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದು, ಆ ಡಿಸ್ಕನ್ನು ಯಂತ್ರದಿಂದ ಕಳಚಿ ಕಪಾಟಿನಲ್ಲಿಡಬೇಕು. ಸಿಕ್ಕಿಸಿಯೇ ಬಿಟ್ಟರೆ ಬೀಗ ಜಡಿಯುವ ಕಳ್ಳ ಅದಕ್ಕೂ ಜಡಿಯುತ್ತಾನೆ. ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ಮೂರು ತಿಂಗಳಿಗೊಮ್ಮೆ ಆ ಪ್ರತಿಯಿಂದ ಒಂದು ಖಾತೆಯನ್ನು ತೆರೆದು ನೋಡಿ. ಮೊಳೆಯುವುದೋ ಇಲ್ಲವೋ ನೋಡದ ಬೀಜ ಬೀಜವಲ್ಲ.

2. ಪಟ್ಟಿ ಬೇರೆ, ಮಾಲು ಬೇರೆ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಎರಡು ಆಜ್ಞೆಗಳಿವೆ. ‘ಸುಡೊ ಆಪ್ಟ್ ಅಪ್‌ಡೇಟ್’ ಎಂಬುದು ಭಂಡಾರದಿಂದ ಹೊಸ ಪಟ್ಟಿಯನ್ನು ಮಾತ್ರ ತರಿಸುತ್ತದೆ. ‘ಸುಡೊ ಆಪ್ಟ್ ಅಪ್‌ಗ್ರೇಡ್’ ಎಂಬುದು ಮಾಲನ್ನು ತಂದು ಹಾಕುತ್ತದೆ. ಮೊದಲನೆಯದನ್ನು ಮಾತ್ರ ಕೊಟ್ಟು ಕೆಲಸ ಮುಗಿಯಿತೆಂದು ಎದ್ದರೆ ದರಪಟ್ಟಿ ಓದಿ ಗೊಬ್ಬರ ಹಾಕಿದಂತಾಯಿತು. ಫೆಡೋರಾದಲ್ಲಿ ‘ಸುಡೊ ಡಿಎನ್ಎಫ್ ಅಪ್‌ಗ್ರೇಡ್’ ಎಂಬ ಒಂದೇ ಆಜ್ಞೆ ಎರಡನ್ನೂ ಮಾಡುತ್ತದೆ.

3. ಮೊಹರಿಲ್ಲದ ಮಾಲು ಬೇಡ. ವಿತರಣೆಯ ಭಂಡಾರದಿಂದ ಬರುವ ಮಾಲಿಗೆ ಗಣಕ ಲಿಪಿಯ ಮೊಹರು ಇರುತ್ತದೆ. ಯಂತ್ರವೇ ಅದನ್ನು ಪರೀಕ್ಷಿಸುತ್ತದೆ. ಮೊಹರು ಸರಿಯಿಲ್ಲವೆಂದು ಯಂತ್ರ ಎಚ್ಚರಿಸಿದಾಗ ಅದನ್ನು ಬದಿಗೊತ್ತಿ ಮುಂದುವರಿಯಬಾರದು. ನಿಲ್ಲಿಸಿ ತಿಳಿದವರನ್ನು ಕೇಳಬೇಕು.

4. ಹೊರಗಿನಿಂದ ತಂದ ಸಸಿಗಳ ಲೆಕ್ಕವಿರಲಿ. ಭಂಡಾರದ ಹೊರಗಿನಿಂದ ಕೈಯಾರೆ ತಂದು ಹಾಕಿದ ತಂತ್ರಾಂಶಗಳು ಮೇಲಿನ ಆಜ್ಞೆಗಳಿಂದ ನವೀಕರಣವಾಗುವುದಿಲ್ಲ. ಮೂಲ ವ್ಯವಸ್ಥೆ ಹೊಸದಾಗಿದ್ದು, ಅದರ ಮೇಲೆ ಕುಳಿತ ಒಂದು ತಂತ್ರಾಂಶ ಹಳೆಯದಾಗಿ ಉಳಿದರೂ ಸಾಕು, ಕಳ್ಳನಿಗೆ ದಾರಿಯಾಯಿತು. ಇಂಥವುಗಳ ಪಟ್ಟಿ ಬರೆದಿಟ್ಟು ತಿಂಗಳಿಗೊಮ್ಮೆ ಒಂದೊಂದನ್ನೂ ನೋಡಬೇಕು. ಬಳಸದೇ ಇರುವುದನ್ನು ಕಿತ್ತುಹಾಕುವುದೇ ಲೇಸು.

5. ಸುರಕ್ಷತೆಯ ತೇಪೆ ತಾನಾಗಿಯೇ ಬರಲಿ. ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ಎಂಬ ಏರ್ಪಾಡಿನಿಂದ ಸುರಕ್ಷತಾ ತೇಪೆಗಳು ಯಾರೂ ಒತ್ತದೆಯೇ ಸೇರಿಕೊಳ್ಳುತ್ತವೆ. ಗಣಕ ತಜ್ಞರಿಲ್ಲದ ಸಣ್ಣ ಸಂಘಕ್ಕೆ ಇದು ಅನುಕೂಲ. ಉಳಿದ ದೊಡ್ಡ ನವೀಕರಣಗಳಿಗೆ ತಿಂಗಳಲ್ಲಿ ಒಂದು ದಿನ ಗೊತ್ತುಮಾಡಿ. ಎರಡು ಮೂರು ಯಂತ್ರಗಳಿದ್ದರೆ, ಮುಖ್ಯವಲ್ಲದ ಒಂದಕ್ಕೆ ಮೊದಲು ಹಾಕಿ ಎರಡು ದಿನ ಕೆಲಸ ಮಾಡಿ ನೋಡಿ, ಆಮೇಲೆ ಲೆಕ್ಕದ ಯಂತ್ರಕ್ಕೆ ಹಾಕಿ.

6. ಸಮಯ ನೋಡಿ ಕೈಹಾಕಿ. ಸಾಲ ವಿತರಣೆಯ ದಿನ, ಮಾಲಿನ ಹಣ ಬಟವಾಡೆಯ ದಿನ, ಮಾರ್ಚ್ ಕೊನೆಯ ವಾರ ದೊಡ್ಡ ನವೀಕರಣಕ್ಕೆ ಕೈಹಾಕಬೇಡಿ. ವ್ಯವಹಾರ ಮುಗಿದ ಸಂಜೆ ಒಳ್ಳೆಯದು. ನಮ್ಮ ಕಡೆ ವಿದ್ಯುತ್ ಯಾವಾಗ ಹೋಗುತ್ತದೆಂದು ಹೇಳಲಾಗದ ಕಾರಣ ಯುಪಿಎಸ್ ಇಲ್ಲದೆ ಆರಂಭಿಸಲೇಬಾರದು. ಅರ್ಧದಲ್ಲಿ ನಿಂತರೆ ಗಾಬರಿ ಬೇಡ. ಡೆಬಿಯನ್, ಉಬುಂಟುಗಳಲ್ಲಿ ಮುಂದಿನ ಬಾರಿ ಆಜ್ಞೆ ಕೊಟ್ಟಾಗ, ನಿಂತ ಕೆಲಸ ಮುಗಿಸಲು ಏನು ಮಾಡಬೇಕೆಂದು ಪರದೆಯ ಮೇಲೆಯೇ ತೋರಿಸುತ್ತದೆ.

7. ನಡುವೆ ಕೇಳುವ ಪ್ರಶ್ನೆಗೆ ಓದಿ ಉತ್ತರಿಸಿ. ನೀವು ತಿದ್ದಿರುವ ಹೊಂದಿಕೆಯ ಕಡತ ಇದೆ, ಹಳೆಯದನ್ನೇ ಉಳಿಸಲೇ, ಹೊಸದನ್ನು ಹಾಕಲೇ ಎಂದು ಯಂತ್ರ ಕೆಲವೊಮ್ಮೆ ಕೇಳುತ್ತದೆ. ತಿಳಿಯದಿದ್ದರೆ ಹಳೆಯದನ್ನೇ ಉಳಿಸಿ, ಕಡತದ ಹೆಸರು ಬರೆದಿಟ್ಟುಕೊಂಡು ತಿಳಿದವರನ್ನು ಕೇಳಿ.

8. ಮುಗಿದ ಮೇಲೆ ಒಮ್ಮೆ ನಿಲ್ಲಿಸಿ ಹತ್ತಿಸಿ. ಲಿನಕ್ಸ್ ತಿರುಳಿನ ಹೊಸ ಆವೃತ್ತಿ ಬಂದರೂ ಯಂತ್ರವನ್ನು ಮರಳಿ ಹತ್ತಿಸುವ ತನಕ ನೆನಪಿನಲ್ಲಿ ಓಡುತ್ತಿರುವುದು ಹಳೆಯದೇ. ವರ್ಷಗಟ್ಟಲೆ ನಿಲ್ಲಿಸಿಯೇ ಇಲ್ಲ ಎಂದು ಹೆಮ್ಮೆ ಪಡುವ ಯಂತ್ರದೊಳಗೆ ವರ್ಷದ ಹಿಂದಿನ ಸಂದು ಹಾಗೆಯೇ ತೆರೆದಿರಬಹುದು.

9. ಆವೃತ್ತಿ ಬದಲಾವಣೆ ಮೆಟ್ಟಿಲು ಮೆಟ್ಟಿಲಾಗಿ. ಉಬುಂಟು 20.04ರಿಂದ ಮೊದಲು 22.04ಕ್ಕೆ, ಅಲ್ಲಿಂದ 24.04ಕ್ಕೆ ಹೋಗಬೇಕು. ಎರಡು ಮೆಟ್ಟಿಲನ್ನು ಒಮ್ಮೆಲೇ ಹಾರುವಂತಿಲ್ಲ. ಕೊನೆಯ ದಿನಕ್ಕೆ ಆರು ತಿಂಗಳಿರುವಾಗಲೇ ಈ ಕೆಲಸಕ್ಕೆ ತಯಾರಾಗುವುದು ಜಾಣತನ.

ಮನೆಯಲ್ಲಿರುವ ಫೋನು

ಸಂಘದ ಯಂತ್ರವನ್ನು ಕಾರ್ಯದರ್ಶಿಗಳು ನೋಡಿಕೊಂಡಾರು. ಜೇಬಿನ ಫೋನನ್ನು ನೋಡಿಕೊಳ್ಳಬೇಕಾದವರು ನಾವೇ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಫೋನಿನ ವಿವರದ ಪುಟದಲ್ಲಿ ‘ಸೆಕ್ಯುರಿಟಿ ಅಪ್‌ಡೇಟ್’ ಎಂದಿರುವಲ್ಲಿ ಒಂದು ದಿನಾಂಕ ಕಾಣುತ್ತದೆ. ಆ ದಿನಾಂಕದ ತನಕದ ತೇಪೆಗಳು ಮಾತ್ರ ನಿಮ್ಮ ಫೋನಿನಲ್ಲಿವೆ ಎಂದು ಅರ್ಥ. ಅದು ಎರಡು ಮೂರು ವರ್ಷ ಹಳೆಯದಾಗಿದ್ದು, ಹೊಸದು ಬರುವುದೇ ನಿಂತಿದ್ದರೆ, ಆ ಫೋನಿನಲ್ಲಿ ಮಾತುಕತೆ ನಡೆಯಲಿ. ಬ್ಯಾಂಕಿನ ವ್ಯವಹಾರ ಬೇಡ.

ಇನ್ನೊಂದು ಎಚ್ಚರಿಕೆ. ‘ಪಿಎಂ ಕಿಸಾನ್’ ಹೆಸರಿನಲ್ಲಿ, ವಾಹನದ ದಂಡದ ಹೆಸರಿನಲ್ಲಿ ವಾಟ್ಸಾಪಿನ ಮೂಲಕ ನಕಲಿ ತಂತ್ರಾಂಶದ ಕಡತಗಳು ಓಡಾಡುತ್ತಿವೆ. ಅವುಗಳ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂಬ ಅಕ್ಷರಗಳಿರುತ್ತವೆ. ಒತ್ತಿದರೆ ಫೋನಿಗೆ ಬರುವ ಗುಟ್ಟಿನ ಸಂಖ್ಯೆಗಳನ್ನು ಕದ್ದು ಖಾತೆಯನ್ನು ಬರಿದು ಮಾಡುತ್ತವೆ. ಪರಿಚಿತರೇ ಕಳುಹಿಸಿದ್ದರೂ ಮುಟ್ಟಬೇಡಿ. ಅವರ ಫೋನೂ ಕಳ್ಳರ ಕೈಸೇರಿರಬಹುದು. ತಂತ್ರಾಂಶವಾಗಲಿ, ಅದರ ನವೀಕರಣವಾಗಲಿ ಪ್ಲೇ ಸ್ಟೋರಿನಿಂದ ಮಾತ್ರ ಪಡೆಯಿರಿ. ಹಣ ಹೋಯಿತೆಂದು ಕಂಡೊಡನೆ 1930 ಸಂಖ್ಯೆಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಇಲ್ಲಿ ಗಂಟೆ ಗಂಟೆಗೂ ಬೆಲೆಯಿದೆ.

ಆಡಳಿತ ಮಂಡಳಿಯ ಹೊಣೆ

ಇಷ್ಟೆಲ್ಲ ತಿಳಿದಿದ್ದರೂ ಕೆಲಸ ನಿಲ್ಲುವುದು ಒಂದೇ ಕಾರಣಕ್ಕೆ. ಅದು ಯಾರ ಕೆಲಸವೆಂದು ಯಾರೂ ಗೊತ್ತುಮಾಡಿರುವುದಿಲ್ಲ. ಯಂತ್ರ ಕೊಟ್ಟವರು ಮಾಡುತ್ತಾರೆಂದು ಕಾರ್ಯದರ್ಶಿ, ಕಾರ್ಯದರ್ಶಿ ಮಾಡುತ್ತಾರೆಂದು ಮಂಡಳಿ, ಮಂಡಳಿ ನೋಡಿಕೊಳ್ಳುತ್ತದೆಂದು ಸದಸ್ಯರು ಸುಮ್ಮನಿರುತ್ತಾರೆ. ಯಜಮಾನನಿಲ್ಲದ ತೋಟಕ್ಕೆ ಕಳೆಯೇ ಯಜಮಾನ.

ಆದುದರಿಂದ ಪ್ರತಿ ಸಂಘವೂ ಒಂದು ಸಣ್ಣ ನಿರ್ಣಯ ಮಾಡಿಕೊಳ್ಳುವುದು ಒಳ್ಳೆಯದು. ನವೀಕರಣದ ಹೊಣೆ ಇಂಥವರದು ಎಂದು ಹೆಸರಿಸಿ ಬರೆಯಲಿ. ಒಂದು ನೂರು ಪುಟದ ಪುಸ್ತಕ ತೆಗೆದಿಡಲಿ. ಅದರಲ್ಲಿ ದಿನಾಂಕ, ಪ್ರತಿ ತೆಗೆದದ್ದು, ನವೀಕರಣ ಮಾಡಿದ್ದು, ಬಂದ ತೊಂದರೆ, ರುಜು ಇಷ್ಟು ಕಲಮುಗಳಿದ್ದರೆ ಸಾಕು. ಮೊದಲ ಪುಟದಲ್ಲಿ ವ್ಯವಸ್ಥೆಯ ಹೆಸರು, ಆವೃತ್ತಿ, ಅದರ ಕೊನೆಯ ದಿನ ಬರೆದಿರಲಿ. ಸೇವೆಯನ್ನು ಹೊರಗಿನಿಂದ ಪಡೆಯುವ ಸಂಘಗಳು ಒಪ್ಪಂದದಲ್ಲಿಯೇ ಎರಡು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಬೇಕು: ತೇಪೆ ಪ್ರಕಟವಾದ ಎಷ್ಟು ದಿನಗಳೊಳಗೆ ಹಾಕುತ್ತೀರಿ? ನಿಮ್ಮ ಜೊತೆಗಾರ ಸಂಸ್ಥೆಗಳೂ ಹಾಕಿವೆ ಎಂದು ಹೇಗೆ ನೋಡುತ್ತೀರಿ? ಸಿ-ಎಡ್ಜ್ ಪ್ರಸಂಗದಲ್ಲಿ ಸಂದು ಇದ್ದುದು ಜೊತೆಗಾರರ ಯಂತ್ರದಲ್ಲಿ ಎಂಬುದನ್ನು ಮರೆಯಬಾರದು. ದಾಳಿಯೇ ಆಯಿತೆನ್ನಿ, ಮುಚ್ಚಿಡುವಂತಿಲ್ಲ. ಕೇಂದ್ರದ ‘ಸರ್ಟ್-ಇನ್’ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಇಂಥ ಘಟನೆ ತಿಳಿದ ಆರು ಗಂಟೆಗಳೊಳಗೆ ವರದಿ ಮಾಡಬೇಕು.

ಸದಸ್ಯರಿಗೂ ಇಲ್ಲಿ ಕೆಲಸವಿದೆ. ವಾರ್ಷಿಕ ಮಹಾಸಭೆಯಲ್ಲಿ ಲಾಭಾಂಶದ ಬಗ್ಗೆ ಕೇಳುತ್ತೇವೆ, ಗೊಬ್ಬರದ ದಾಸ್ತಾನಿನ ಬಗ್ಗೆ ಕೇಳುತ್ತೇವೆ. ಈ ಸಲ ಇನ್ನೊಂದನ್ನೂ ಕೇಳಬಹುದು: “ನಮ್ಮ ಲೆಕ್ಕ ಇರೋ ಯಂತ್ರಕ್ಕೆ ಕೊನೇ ಸಲ ಅಪ್‌ಡೇಟ್ ಮಾಡಿದ್ದು ಯಾವಾಗ, ಪುಸ್ತಕ ತೋರ್ಸಿ.” ಇದು ಯಾರನ್ನೂ ಅಪಮಾನಿಸುವ ಪ್ರಶ್ನೆಯಲ್ಲ. ಆ ಯಂತ್ರದಲ್ಲಿರುವುದು ನಮ್ಮ ಅಡಿಕೆಯ, ನಮ್ಮ ಕಾಫಿಯ, ವರ್ಷದ ದುಡಿಮೆಯ ಹಣ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ನಮ್ಮ ಹಿರಿಯರದು. ಲಿನಕ್ಸ್ ತೇಪೆಗೆ ಬೆಲೆ ಇಲ್ಲ. ಅದಕ್ಕೆ ಬೇಕಾದುದು ತಿಂಗಳಿಗೊಂದು ಸಂಜೆ, ಒಂದು ಪುಸ್ತಕ, ಹೊಣೆ ಹೊತ್ತ ಒಬ್ಬ ವ್ಯಕ್ತಿ. ಮಳೆಗೆ ಮುಂಚೆ ಔಷಧಿ ಹೊಡೆಯುವ ಅಭ್ಯಾಸವಿರುವ ನಮ್ಮ ಬೆಳೆಗಾರರಿಗೆ ಇದನ್ನು ಯಾರೂ ಎರಡು ಸಲ ಹೇಳಬೇಕಾಗಿಲ್ಲ. ಸಂಘಗಳು ಬರುವ ಆಡಳಿತ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿಯೇ ಈ ವಿಷಯವನ್ನು ಸೇರಿಸಿಕೊಳ್ಳಬೇಕೆಂದು ಕೋರಿಕೆ.